ದಮ್ಮು ಬಿಡಬ್ಯಾಡ

ಸುರೇಬಾನ
12-2-2024

ಕೃಷ್ಣವ್ವ,

ಕಾಗದದ ಮೊದಲ ಸಾಲಿನಲ್ಲಿ ಕ್ಷೇಮ ಕೇಳಬೇಕು ಎಂದು ಲಕ್ಕಪ್ಪ ಮಾಸ್ತರು ಕಲಿಸಿದ್ದರು. ಮನೋಳಿ ಸಾಲೆಯಲ್ಲಿ ಕಬಡ್ಡಿಯನ್ನೂ ಕನ್ನಡವನ್ನೂ ಒಂದೇ ಬೆತ್ತ ಹಿಡಿದು ಕಲಿಸಿದ ಮನುಷ್ಯ. ಅವರ ಪಾಠ ಮೀರಿ ನಾನು ಇವತ್ತಿನವರೆಗೆ ಒಂದು ಕಾಗದವನ್ನೂ ಬರೆದಿಲ್ಲ. ನನ್ನ ಕಾಗದ ಓದಿದರೆ ಸಾಲೆಯ ಪುಸ್ತಕ ಓದಿದ ಹಾಗಾಗುತ್ತದೆ ಎಂದು ರೇಣು ನಗುತ್ತಿದ್ದಳು. ಈ ಸಲ ಮಾತ್ರ ಕ್ಷೇಮ ಕೇಳುವುದಿಲ್ಲ. ರೇಣು ಹೋಗಿ ಹನ್ನೊಂದು ದಿನ. ನೀನು ಹೇಗಿದ್ದೀ ಎಂದು ನನಗೆ ಗೊತ್ತು.

ಅವತ್ತು ನೀನು ನಮ್ಮ ಮನೆಯವರಿಗೆ ಫೋನು ಹಚ್ಚಿ ಸುದ್ದಿ ಹೇಳಿದ ಕೂಡಲೇ ಹೊರಟೆ. ರಾಮದುರ್ಗದಲ್ಲೊಂದು ಬಸ್ಸು, ಸವದತ್ತಿಯಲ್ಲೊಂದು ಬಸ್ಸು. ಬೈಲಹೊಂಗಲ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಎಲ್ಲರೂ ಅಳುತ್ತಿದ್ದರು, ನನಗೆ ಬಾಯಿಗಳಷ್ಟೇ ಕಂಡವು. ನಿನ್ನನ್ನು ಒಂದು ಮಾತು ಕೇಳಬೇಕಿತ್ತು, ಅಷ್ಟು ಜನರ ನಡುವೆ ಕೇಳಲು ಧೈರ್ಯವಾಗಲಿಲ್ಲ. ಈಗ ಕೇಳುತ್ತೇನೆ.

ಜನವರಿಯಲ್ಲಿ ರೇಣು ನಿನ್ನ ಕೈಯಿಂದ ನನಗೆ ಕಾಗದ ಬರೆಸಿದ್ದಳಲ್ಲ, "ನನಗ ದಮ್ಮು ಸಾಲವಲ್ದು, ಒಮ್ಮಿ ಬಂದು ಹೋಗು" ಎಂದು. ದಮ್ಮು ಎಂದರೆ ಒಂದೇ ತಂಡದಲ್ಲಿ ಆಡಿದ ನಮ್ಮ ಮೂವರಿಗೆ ಏನು, ನೀನೇ ಹೇಳು. ಕಬಡ್ಡಿ ಕಬಡ್ಡಿ ಎನ್ನುತ್ತ ಎದುರಿನವರ ಅಂಗಳಕ್ಕೆ ನುಗ್ಗಿ, ತಿರುಗಿ ಗೆರೆ ಮುಟ್ಟುವವರೆಗೆ ಹಿಡಿಯುವ ಉಸಿರು. ಎದೆಗಾರಿಕೆ. ದಮ್ಮು ಎನ್ನುವುದು ಒಂದು ಬೇನೆಯ ಹೆಸರೂ ಹೌದು ಎಂದು ನನ್ನ ಹಾಳು ತಲೆಗೆ ಹೊಳೆಯಲೇ ಇಲ್ಲ. ಹತ್ತಿ ಜಿನ್ನಿನ ಧೂಳಿನಲ್ಲಿ ಇಪ್ಪತ್ತು ವರ್ಷ ದುಡಿದವಳ ಎದೆಯಲ್ಲಿ ಏನು ತುಂಬಿರುತ್ತದೆ ಎಂದು ಯೋಚಿಸಲಿಲ್ಲ.

ನನಗೆ ಸಿಟ್ಟಿತ್ತು. ನಿಲೋಫರ್ ನನ್ನ ಒಬ್ಬಳೇ ಮಗಳು. ಅವಳ ಮದುವೆಗೆ ಹಾಡುತ್ತೇನೆ ಎಂದು ಮಾತು ಕೊಟ್ಟವಳು ರೇಣು. ನಮ್ಮ ಅಮ್ಮನ ಬಾಯಿಂದ ಅಷ್ಟೂ ಮದುವೆ ಹಾಡು ಕಲಿತವಳು ಅವಳೊಬ್ಬಳೇ. ಜಮಖಾನೆ ಹಾಸಿ, ಢೋಲಕ್ ಇಟ್ಟುಕೊಂಡು ಎರಡು ದಿನ ಕಾದೆ. ಬರಲಿಲ್ಲ. ಬೀಗರ ಮುಂದೆ ಹಾಡಲು ಅಂಜಿದಳು ಎಂದುಕೊಂಡೆ. ಎರಡು ತಿಂಗಳ ಮೇಲೆ ಬಂದ ಆ ಕಾಗದವನ್ನೂ ಅದೇ ಸಿಟ್ಟಿನಲ್ಲಿ ಓದಿದೆ. ಉತ್ತರ ಬರೆದೆ: "ದಮ್ಮಿಲ್ಲದವಳು ಅಂಗಳಕ್ಕೆ ಇಳಿಯಬಾರದು. ನಾನು ಬರುವುದಿಲ್ಲ." ಮೊದಲ ದಿನದ ಆಟದಲ್ಲಿ ಮಾಸ್ತರು ರೇಣುವಿಗೆ ಬೈದ ಮಾತು ಅದು. ಎಲ್ಲಿ ಚುಚ್ಚಿದರೆ ನೋಯುತ್ತದೆ ಎಂದು ಗೊತ್ತಿದ್ದೇ ಬರೆದೆ.

ಇಪ್ಪತ್ತೆರಡನೆಯ ತಾರೀಕು ಡಬ್ಬಿಗೆ ಹಾಕಿದೆ. ಅದು ಮುಟ್ಟಿತೇ? ರೇಣು ಕೇಳಿದಳೇ?

ಫೋನು ಹಚ್ಚಬೇಡ. ಮಗ್ಗದ ಸದ್ದಿಗೆ ನನ್ನ ಕಿವಿ ಹೋಗಿ ಎಂಟು ವರ್ಷ, ಇದನ್ನು ಗಂಡನ ಕೈಯಲ್ಲಿ ಕೇಳಿಸಿ ತಿಳಿದುಕೊಳ್ಳಲಾರೆ. ಬರೆ.

ಬೇಗಂಬಿ


ಬೈಲಹೊಂಗಲ
20-2-2024

ಬೇಗಂ,

ಇಲ್ಲ. ಕೇಳಲಿಲ್ಲ. ನಿನ್ನ ಕಾಗದ ಬಂದಿದ್ದು ಫೆಬ್ರುವರಿ ಎರಡಕ್ಕೆ, ಮಣ್ಣು ಮಾಡಿದ ಮರುದಿನ. ಟಪಾಲಿನ ಹಣಮಂತಪ್ಪ ತಂದುಕೊಟ್ಟ. ಒಡೆದೂ ಇಲ್ಲ. ಎದೆಯ ಮೇಲಿನ ಕಲ್ಲು ಇಳಿಸಿ ಎರಡು ತುತ್ತು ಉಣ್ಣು.

ಭಾಗ್ಯಾ ನಮ್ಮ ಮನೆಯಲ್ಲೇ ಇದ್ದಾಳೆ. ರೇಣುವಿಗೆ ಇದ್ದವಳು ಒಬ್ಬಳೇ ಮಗಳು, ಅವಳನ್ನು ಎಲ್ಲಿಗೆ ಕಳಿಸಲಿ? ಮೊನ್ನೆ ಕಿತ್ತೂರಿನಲ್ಲಿ ಕಾಲೇಜಿನವರ ಕಬಡ್ಡಿ ಇತ್ತು. ತಾಯಿ ಸತ್ತು ತಿಂಗಳಾಗಿಲ್ಲ, ಹೋಗಬೇಡ ಎಂದು ಓಣಿಯವರೆಲ್ಲ ಅಂದರು. "ಅವ್ವ ಇದ್ದಿದ್ರ ಹೋಗಂತಿದ್ಲು" ಎಂದು ಹೊರಟಳು. ಹೊಲಿಗೆ ಮಷೀನು ಮುಚ್ಚಿ ನಾನೂ ಹೋದೆ.

ಅದೇ ಊರು ಬೇಗಂ. ತೊಂಬತ್ತೈದರಲ್ಲಿ ನಾವು ಫೈನಲ್ ಸೋತ ಊರು. ಒಬ್ಬಳ ಕಾಲು ಹಿಡಿಯಲು ಹೋಗಿ ನಿನ್ನ ಕಿರುಬೆರಳು ಮುರಿಯಿತು, ಪುತ್ತೂರಿನ ಪಟ್ಟಿ ಕಟ್ಟಿಸು ಎಂದರೆ ಕೇಳದೆ ಸೊಟ್ಟಗೇ ಉಳಿಸಿಕೊಂಡೆ. ಕೊನೆಯ ರೇಡಿಗೆ ರೇಣು ಹೋದಳು. ಐದು ಹುಡುಗಿಯರು ಮೇಲೆ ಬಿದ್ದರು. ಕೈ ಚಾಚಿದ್ದಳು, ಗೆರೆಗೆ ನಾಲ್ಕು ಬೆರಳು ದೂರ. ನಾವು ದಾಟುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ. ನೀನು ಗೆರೆಯ ಈಚೆ ಮೊಣಕಾಲೂರಿ "ಬಾ ರೇಣು, ಬಾ" ಎಂದು ಚೀರುತ್ತಿದ್ದೆ. ಅಷ್ಟು ಜನರ ಕೆಳಗಿನಿಂದ ಅವಳ ಕಬಡ್ಡಿ ಕಬಡ್ಡಿ ಕೇಳಿಸುತ್ತಲೇ ಇತ್ತು. ಅಂಪೈರ್ ಸೀಟಿ ಊದಿದ ಮೇಲೂ ನಿಲ್ಲಲಿಲ್ಲ. ಆಮೇಲೆ ಕೇಳಿದ್ದಕ್ಕೆ ಏನೆಂದಳು? "ಬೇಗಂ ಕರಿಯಾಕ ಹತ್ತಿದ್ಲು, ಹೆಂಗ ಬಿಡ್ಲಿ?"

ಗೆರೆ ಮುಟ್ಟುವತನಕ ದಮ್ಮು ಬಿಡಬಾರದು ಎಂದು ಮಾಸ್ತರು ಹೇಳುತ್ತಿದ್ದರು. ಅದನ್ನು ಆಟಕ್ಕೆ ಹೇಳಿದ್ದರೋ ಬದುಕಿಗೆ ಹೇಳಿದ್ದರೋ, ಈಗ ಕೇಳೋಣವೆಂದರೆ ಅವರೂ ಇಲ್ಲ.

ಭಾಗ್ಯಾ ಗೆದ್ದಳು. ಆ ಕಾಗದದ ಮಾತು ಇನ್ನು ಬಿಡು.

ಕೃಷ್ಣವ್ವ


ಸುರೇಬಾನ
1-3-2024

ಪ್ರೀತಿಯ ಕೃಷ್ಣವ್ವ,

ನಾನು ಕ್ಷೇಮ. ನೀನೂ, ಭಾಗ್ಯಾಳೂ ಕ್ಷೇಮವೆಂದು ನಂಬಿದ್ದೇನೆ. ನೋಡು, ಈ ಸಲ ಬರೆದೆ.

ನಿನ್ನ ಕಾಗದವನ್ನು ಮಗ್ಗದ ಪಕ್ಕ ನಿಂತು ಓದಿದೆ. ಅಲ್ಲೇ ಕುಳಿತು ಅತ್ತೆ. ಮನೆಯವರು ಗಾಬರಿಯಾಗಿ ಮಗ್ಗ ನಿಲ್ಲಿಸಿದರು. ಅಲ್ಲಾಹ್ ದೊಡ್ಡವನು. ನನ್ನಂಥ ಬಾಯಿಬಡುಕಿಯ ಮಾತನ್ನು ದಾರಿಯಲ್ಲಿ ತಡೆದು, ಅವಳು ಕಣ್ಣು ಮುಚ್ಚಿದ ಮೇಲೆ ಮುಟ್ಟಿಸಿದನಲ್ಲ.

ನಿನ್ನೆ ಢೋಲಕ್ ಕೆಳಗಿಳಿಸಿದೆ. ಬಾರಿಸಿದರೆ ನನಗೆ ಕೇಳಿಸುವುದಿಲ್ಲ, ಅಂಗೈಗೆ ಗೊತ್ತಾಗುತ್ತದೆ ಅಷ್ಟೆ. ಕಿವಿ ಹೋದ ಮೇಲೆ ರೇಣುವಿನ ಹಾಡನ್ನು ಅವಳ ಕುತ್ತಿಗೆಯ ನರ ನೋಡಿ ಕೇಳುತ್ತಿದ್ದೆ. ನರ ಉಬ್ಬಿದರೆ ದನಿ ಏರಿದೆ, ಇಳಿದರೆ ಸಾಲು ಮುಗಿಯಲಿದೆ. ಉಳಿದ ಹೆಂಗಸರು ಮೂರು ಸಲ ಉಸಿರು ತೆಗೆದುಕೊಳ್ಳುವ ಸಾಲನ್ನು ಅವಳು ಒಂದೇ ದಮ್ಮಿನಲ್ಲಿ ಮುಗಿಸುತ್ತಿದ್ದಳು. ಎರಡು ವರ್ಷದ ಹಿಂದೆ ಉರುಸಿಗೆ ಬಂದಾಗ ಆ ನರ ನಡುವೆ ನಡುವೆ ನಿಲ್ಲುತ್ತಿತ್ತು. ನೋಡಿದೆ ಕೃಷ್ಣವ್ವ. ವಯಸ್ಸಾಯಿತು ಎಂದು ಚೇಷ್ಟೆ ಮಾಡಿದೆ.

ಒಂದೇ ಉಪಕಾರ ಮಾಡು. ಒಡೆಯದ ಆ ಕಾಗದವನ್ನು ಹಾಗೆಯೇ ಇನ್ನೊಂದು ಲಕೋಟೆಗೆ ಹಾಕಿ ಕಳಿಸು. ನನ್ನ ಕೈಯಾರೆ ಒಲೆಗೆ ಹಾಕಬೇಕು. ಆಮೇಲೆ ನಿದ್ದೆ ಬರುತ್ತದೆ.

ನಿನ್ನ ಬೇಗಂಬಿ


ಬೈಲಹೊಂಗಲ
25-3-2024

ಬೇಗಂ,

ತಡವಾಯಿತು. ಮದುವೆ ಸೀಜನ್ನು, ಕುಪ್ಪಸಗಳ ರಾಶಿ ಬಿದ್ದಿದೆ. ಬಿಸಿಲಿಗೆ ತಲೆ ಹಿಡಿದುಹೋಗಿದೆ.

ಆ ಕಾಗದ ಎಲ್ಲೋ ಇಟ್ಟೆ, ಸಿಗುತ್ತಿಲ್ಲ. ಮನೆ ಸುಣ್ಣ ಹಚ್ಚುವಾಗ ಹೋಗಿರಬೇಕು. ಹೋದದ್ದು ಹೋಯಿತು, ನೀನು ಸುಡುವುದಕ್ಕೂ ಅದು ಕಳೆಯುವುದಕ್ಕೂ ಏನು ವ್ಯತ್ಯಾಸ? ರೋಜಾ ಉಪವಾಸ ನಡೆದಿದೆಯಲ್ಲ, ಆರೋಗ್ಯ ನೋಡಿಕೊ.

ಕೃಷ್ಣವ್ವ


ಸುರೇಬಾನ
3-4-2024

ಕೃಷ್ಣವ್ವ,

ಮೊನ್ನೆ ಭಾಗ್ಯಾ ನಮ್ಮ ಮನೆಯವರ ಫೋನಿಗೆ ಒಂದು ಫೋಟೊ ಕಳಿಸಿದ್ದಳು. ಪಾಪದ ಹುಡುಗಿ, ನನಗೆ ಸಮಾಧಾನವಾಗಲಿ ಎಂದು ಕಳಿಸಿದ್ದಾಳೆ. "ಮಾಂಶಿ, ಅವ್ವ ನಿಮ್ಮ ಕಾಗದಾ ತಲೆದಿಂಬಿನ ಬುಡಕ ಇಟ್ಕೊಂಡಿದ್ಲು" ಎಂದು ಕೆಳಗೆ ಬರೆದಿದ್ದಾಳೆ. ಲಕೋಟೆ ನನ್ನದು. ಒಡೆದದ್ದು. ಬೈಲಹೊಂಗಲ ಅಂಚೆಯ ಮುದ್ರೆ ಜನವರಿ ಇಪ್ಪತ್ತೊಂಬತ್ತರದ್ದು.

ಅವಳು ಹೋಗಿದ್ದು ಫೆಬ್ರುವರಿ ಒಂದಕ್ಕೆ.

ಯಾಕೆ ಸುಳ್ಳು ಹೇಳಿದೆ? ಮೂವತ್ತು ವರ್ಷದಲ್ಲಿ ನಮ್ಮ ನಡುವೆ ಜಗಳವಾಗಿದೆ, ಮಾತು ಬಿಟ್ಟಿದ್ದೇವೆ, ಸುಳ್ಳು ಇರಲಿಲ್ಲ. ಅವಳು ಕೇಳಿದಳು. ದಮ್ಮಿಲ್ಲದವಳು ಅಂಗಳಕ್ಕೆ ಇಳಿಯಬಾರದು ಎಂದು ಬೇಗಂ ಬರೆದಿದ್ದಾಳೆ ಎಂದು ಕೇಳಿ, ಉಸಿರು ಸಿಗದೆ ಒದ್ದಾಡುತ್ತ, ಆ ಕಾಗದವನ್ನೇ ತಲೆಯ ಕೆಳಗೆ ಇಟ್ಟುಕೊಂಡು ಸತ್ತಳು. ಇದನ್ನು ಎಷ್ಟು ಸಲ ಬರೆದರೂ ನನ್ನ ಕೈ ನಂಬುತ್ತಿಲ್ಲ.

ಮಗ್ಗಕ್ಕೆ ಹೋಗುವುದು ಬಿಟ್ಟೆ. ಕಡಿದ ಎಳೆಗೆ ಗಂಟು ಹಾಕದೆ ಹಾಗೇ ಬಿಟ್ಟಿದ್ದೇನೆ. ರೋಜಾ ಬಿಡುವ ಹೊತ್ತಿಗೆ ಕೊಟ್ಟ ಖರ್ಜೂರವನ್ನು ತಟ್ಟೆಯಲ್ಲೇ ಬಿಡುತ್ತೇನೆ. ನಿಲೋಫರ್ ಬಂದು ಅಳುತ್ತಾಳೆ, ಮನೆಯವರು ಹಗಲಿಡೀ ನನ್ನನ್ನು ಒಂಟಿ ಬಿಡುವುದಿಲ್ಲ. ಅವರು ಬಿಡದಿರುವುದೇ ಒಳ್ಳೆಯದು. ನನಗೆ ಬದುಕು ಸಾಕಾಗಿದೆ ಎಂದು ನಿನ್ನೊಬ್ಬಳಿಗೆ ಹೇಳುತ್ತಿದ್ದೇನೆ.

ನಿಜ ಹೇಳು. ಎಷ್ಟೇ ಕೆಟ್ಟದಿರಲಿ ಹೇಳು. ಓದಿ ಅವಳಿಗೆ ಹೇಳಿದವಳು ನೀನೇ ಅಲ್ಲವೇ? ಕೇಳಿ ಅವಳು ಏನೆಂದಳು?

ಬೇಗಂಬಿ


ಬೈಲಹೊಂಗಲ
8-4-2024

ಬೇಗಂ,

ನಾಳೆ ಉಗಾದಿ. ಊರೆಲ್ಲ ಬೇವು ಬೆಲ್ಲ ತರುತ್ತಿದೆ, ನಾನು ಬಾಗಿಲು ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ನಿನ್ನ ಕಾಗದ ಓದಿದ ಕೂಡಲೇ ನಿಮ್ಮ ಮನೆಯವರು ಖಾಸಿಮಸಾಬರಿಗೆ ಫೋನು ಹಚ್ಚಿ, ನಿನ್ನ ಪಕ್ಕದಿಂದ ಏಳಬಾರದು ಎಂದು ಆಣೆ ಹಾಕಿಸಿದ್ದೇನೆ. ಸಿಟ್ಟಾಗು. ಆದರೆ ಇರು. ಇದನ್ನು ಪೂರ್ತಿ ಓದಲಾದರೂ ಇರು.

ನಿನ್ನ ಕಾಗದ ಅವಳ ಕಿವಿಗೆ ಬೀಳಲಿಲ್ಲ. ಇದು ಸುಳ್ಳಲ್ಲ.

ಬೇನೆ ಎಂದು ನಿನಗೆ ಬರೆಯಬೇಡ ಎಂದಿದ್ದಳು ರೇಣು. "ಬ್ಯಾನಿ ಅಂದ್ರ ಆಕಿ ಎದಿ ಒಡ್ಕೊತಾಳ. ದಮ್ಮು ಸಾಲವಲ್ದು ಅಂತ ಬರಿ, ತಿಳೀತೈತಿ" ಎಂದಳು. ಬರೆದೆ. ಇಪ್ಪತ್ತೊಂಬತ್ತು ಸೋಮವಾರ ನಿನ್ನ ಉತ್ತರ ಬಂತು. ಆಗಲೇ ದವಾಖಾನೆಯವರು ಮನೆಗೆ ಕಳಿಸಿದ್ದರು. ಭಾಗ್ಯಾ ಕಾಲೇಜಿಗೆ ಹೋಗಿದ್ದಳು, ನಾನು ರೇಣುವಿನ ಪಕ್ಕದಲ್ಲಿ ಕೂತು ಗುಂಡಿ ಹಚ್ಚುತ್ತಿದ್ದೆ. ಅವಳ ಕಣ್ಣು ಮಂಜಾಗಿದ್ದವು, ಆದರೂ ಲಕೋಟೆ ಕಂಡು ಮುಖ ಅರಳಿತು. "ಬೇಗಂದ ಅಲ್ಲ? ಓದ ಲಗೂನ."

ಒಡೆದೆ. ಎರಡು ಸಾಲನ್ನು ಮನಸ್ಸಿನಲ್ಲೇ ಓದಿಕೊಂಡೆ. ಅವಳು ಕಾಯುತ್ತಿದ್ದಾಳೆ, ಬಾಯಿ ತೆರೆಯಲೇಬೇಕು. ತೆರೆದೆ. ಬಾಯಿಗೆ ಬಂದದ್ದನ್ನು ನೀನು ಬರೆದಿದ್ದೀ ಎಂಬಂತೆ ಓದಿದೆ. "ನಾ ಬರತೇನಿ ರೇಣು. ನಾ ಬರೂತನಕ ದಮ್ಮು ಬಿಡಬ್ಯಾಡ." ಇನ್ನೂ ನಾಲ್ಕು ಮಾತು ಸೇರಿಸಿದೆ. "ಇನ್ನೊಮ್ಮಿ ಓದು" ಎಂದಳು. ಅದೇ ಮಾತು ಅದೇ ಸಾಲಿನಲ್ಲಿ ಎರಡನೆಯ ಸಲ ಎಲ್ಲಿಂದ ಬರಬೇಕು? ಹೆಚ್ಚುಕಡಿಮೆಯಾಯಿತು. ಅವಳು ಕಾಗದ ಇಸಿದುಕೊಂಡು ದಿಂಬಿನ ಕೆಳಗೆ ಇಟ್ಟಳು.

ಈಗ ನನ್ನ ಪಾಪ ಕೇಳು. ಖಾಸಿಮಸಾಬರ ನಂಬರು ನನ್ನ ಫೋನಿನಲ್ಲಿತ್ತು. ಅವತ್ತೇ ಹಚ್ಚಿದ್ದರೆ ಮರುದಿನ ಮಧ್ಯಾಹ್ನಕ್ಕೆ ನೀನು ಇಲ್ಲಿರುತ್ತಿದ್ದೆ. ಹಚ್ಚಲಿಲ್ಲ. ನಿನ್ನ ಮೇಲೆ ಸಿಟ್ಟು ಬಂದಿತ್ತು. ಸಾಯುವವಳಿಗೆ ಹೀಗೆ ಬರೆಯುವ ಹೆಂಗಸನ್ನು ನಾನೇಕೆ ಕರೆಯಲಿ, ಬರಬೇಕೆನ್ನಿಸಿದರೆ ತಾನೇ ಬರಲಿ ಎಂದು ಹಟ ಹಿಡಿದೆ. ನಿನಗೆ ಏನೂ ಗೊತ್ತಿಲ್ಲ ಎಂಬುದನ್ನೇ ಮರೆತೆ. ನೀನು ಬರುತ್ತೀ ಎಂದು ಅವಳಿಗೆ ಹೇಳಿದ ಬಾಯಿಂದಲೇ ನಿನ್ನನ್ನು ಕರೆಯದೆ ಉಳಿದೆ.

ಮೂರು ದಿನ ಬಾಗಿಲು ನೋಡಿದಳು ಬೇಗಂ. ಸವದತ್ತಿ ಕಡೆಯ ಬಸ್ಸಿನ ಹೊತ್ತು ಅವಳಿಗೆ ಬಾಯಿಪಾಠವಾಗಿತ್ತು. ಒಂದೊಂದು ಉಸಿರನ್ನೂ ಎಳೆದು ಎಳೆದು ತರುತ್ತಿದ್ದಳು. ಡಾಕ್ಟರು ಮಂಗಳವಾರ ದಾಟುವುದಿಲ್ಲ ಎಂದಿದ್ದರು. ದಾಟಿದಳು. ಬುಧವಾರವೂ ದಾಟಿದಳು. ನೋಡಲಾಗದೆ ನಾನು ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದೆ.

ಗುರುವಾರ ಬೆಳಿಗ್ಗೆ ಕಣ್ಣು ಪೂರಾ ಕಾಣದಾಯಿತು. "ಬೇಗಂ ಬಂದಳೇನ?" ಎಂದು ಕೇಳಿದಳು. "ಬಂದಾಳ, ಇಲ್ಲೇ ಅದಾಳ" ಎಂದು ನನ್ನ ಕೈಯನ್ನೇ ಅವಳ ಕೈಯಲ್ಲಿಟ್ಟೆ. ನೀನು ಮಾತಾಡದಿದ್ದರೂ ನಡೆದೀತು, ಕಿವಿ ಕೇಳದವಳು ಸುಮ್ಮನಿದ್ದಾಳೆ ಎಂದುಕೊಳ್ಳುತ್ತಾಳೆ ಎಂದು ನನ್ನ ಲೆಕ್ಕ. ಅವಳು ಬೆರಳುಗಳನ್ನು ಒಂದೊಂದಾಗಿ ಸವರುತ್ತ ಕಿರುಬೆರಳಿಗೆ ಬಂದಳು. ನನ್ನದು ನೆಟ್ಟಗಿದೆ.

"ಕೃಷ್ಣೀ" ಎಂದಳು. ನಕ್ಕಳೋ ಏನೋ, ತುಟಿ ಅಲುಗಿತು. "ಕಾಗದಾ ಓದಿದಾಗನ ತಿಳೀತು ನನಗ. ಬೇಗಂ ಹಂಗ ಬರಿಯಾಕಿ ಅಲ್ಲ. ಆಕಿದು ಸಾಲಿ ಪುಸ್ತಕ." ಮತ್ತೊಂದು ಉಸಿರು ಎಳೆದುಕೊಂಡು, "ಖರೇ ಏನ ಬರದಾಳ, ನನಗ ಹೇಳಬ್ಯಾಡ. ನಾ ಕಾದೆ ಅಂತ ಆಕಿಗೆ ಹೇಳಬ್ಯಾಡ" ಎಂದಳು. ನನ್ನ ಕೈ ಬಿಡಲಿಲ್ಲ. ಹತ್ತು ಗಂಟೆಗೆ ಹೋದಳು.

ಸುಳ್ಳೆಂದು ಗೊತ್ತಿದ್ದೂ ಬಾಗಿಲು ನೋಡಿದಳಲ್ಲ, ಅದನ್ನು ನಾನು ತಡೆದುಕೊಳ್ಳಲಾರೆ. ಹೇಳಬೇಡ ಎಂದವಳ ಮಾತನ್ನು ಇವತ್ತು ಮುರಿದಿದ್ದೇನೆ. ನೀನು ಬದುಕಬೇಕು, ಅದಕ್ಕೆ ಮುರಿದೆ. ಬೈಸಿಕೊಳ್ಳಬೇಕಾದವಳು ನಾನು. ನನ್ನನ್ನು ಬಯ್ಯಲಾದರೂ ಉಳಿ.

ಕೃಷ್ಣವ್ವ


ಬೈಲಹೊಂಗಲ
2-5-2024

ಬೇಗಂ,

ಉತ್ತರ ಇಲ್ಲ. ಬೈದಾದರೂ ಬರೆ.

ಕೃಷ್ಣವ್ವ


ಬೈಲಹೊಂಗಲ
27-5-2024

ಬೇಗಂ,

ಮತ್ತೆ ಫೋನು ಹಚ್ಚಿದ್ದೆ. "ಅದಾಳ್ರಿ ಬಾಯಾರ. ಉಣ್ಣಾಕ ಹತ್ಯಾಳ. ಮಾತಷ್ಟ ಆಡವಲ್ಲಳು" ಎಂದರು ಖಾಸಿಮಸಾಬರು. ಉಣ್ಣುತ್ತಿದ್ದೀ ಎಂಬುದೊಂದೇ ಸಾಕು. ದಿನಾ ಟಪಾಲಿನ ಹೊತ್ತಿಗೆ ಹೊಸ್ತಿಲಲ್ಲಿ ಕೂರುತ್ತೇನೆ. ಹಣಮಂತಪ್ಪ ದೂರದಿಂದಲೇ ಕೈ ಆಡಿಸಿ ಇಲ್ಲ ಎನ್ನುತ್ತಾನೆ. ಬಾಗಿಲು ನೋಡುವುದೆಂದರೆ ಏನೆಂದು ಈಗ ನನಗೆ ಗೊತ್ತಾಗಿದೆ.

ಕೃಷ್ಣವ್ವ


ಸುರೇಬಾನ
11-6-2024

ಕೃಷ್ಣವ್ವ,

ಎಷ್ಟೋ ಕಾಗದ ಬರೆದು ಹರಿದೆ. ಕೆಲವುಗಳಲ್ಲಿ ನಿನ್ನನ್ನು ಕೊಂದಿದ್ದೆ, ಕೆಲವುಗಳಲ್ಲಿ ನನ್ನನ್ನು.

ಕ್ಷಮಿಸಿದ್ದೇನೆ ಎಂದು ಬರೆಯಲಾರೆ. ನನ್ನನ್ನು ನಾನೇ ಕ್ಷಮಿಸಿಲ್ಲ, ನಿನಗೆ ಎಲ್ಲಿಂದ ತಂದು ಕೊಡಲಿ? ಆ ಫೋನು ಹಚ್ಚಿದ್ದರೆ ಎಂದು ದಿನಕ್ಕೆ ನೂರು ಸಲ ಅನ್ನಿಸುತ್ತದೆ. ಆ ಕಾಗದ ಬರೆಯದಿದ್ದರೆ ಎಂದು ನೂರಾ ಒಂದು ಸಲ. ನಾವಿಬ್ಬರೂ ಸೇರಿ ಅವಳನ್ನು ಗೆರೆಯ ನಾಲ್ಕು ಬೆರಳಾಚೆ ಬಿಟ್ಟೆವು. ಕಿತ್ತೂರಿನಲ್ಲಿ ಆಗಿದ್ದು ಸೋಲಲ್ಲ, ಕೂಗುವಷ್ಟಾದರೂ ಹತ್ತಿರ ಇದ್ದೆ ಆಗ. ಇದು ಸೋಲು.

ಮೂವರಲ್ಲಿ ಉಳಿದವರು ಇಬ್ಬರು. ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ಬರುವುದಿಲ್ಲ ಎಂದು ಇನ್ನೊಂದು ಸಲ ಬರೆಯುವ ಶಕ್ತಿ ನನಗಿಲ್ಲ. ಬಕ್ರೀದ್ ಮುಗಿಸಿ ಇಪ್ಪತ್ತನೆಯ ತಾರೀಕು, ಗುರುವಾರ, ಬರುತ್ತೇನೆ. ಢೋಲಕ್ ತರುತ್ತೇನೆ. ರೇಣುವಿಗೆ ಬರುತ್ತಿದ್ದ ಹಾಡು ಭಾಗ್ಯಾಗೆ ಒಂದಾದರೂ ಬರುತ್ತದೆಯೇ ಕೇಳು, ಬರದಿದ್ದರೆ ಪದಗಳನ್ನು ನಾನು ಬರೆದುಕೊಡುತ್ತೇನೆ.

ನೀನು ಒಂದು ಕೆಲಸ ಮಾಡು. ಆ ಸೋಮವಾರ ಖಾಲಿ ಬಾಯಿಂದ ಓದಿದೆಯಲ್ಲ, ನಾನು ಬರೆಯದ ಕಾಗದ, ಅದನ್ನು ನೆನಪಿದ್ದಷ್ಟು ಬರೆದಿಟ್ಟಿರು. ತಿದ್ದಬೇಡ. ಬಾಯಿಂದ ಹೇಗೆ ಬಂತೋ ಹಾಗೇ ಇರಲಿ. ನಾನು ಬರೆಯಬೇಕಾಗಿದ್ದ ಕಾಗದ ಅದು. ಬಂದು ನನ್ನ ಅಕ್ಷರದಲ್ಲಿ ಬರೆದು ಕೆಳಗೆ ನನ್ನ ಹೆಸರು ಹಾಕುತ್ತೇನೆ. ಅವಳನ್ನು ಮಣ್ಣು ಮಾಡಿದ ಜಾಗಕ್ಕೆ ಅವತ್ತು ನನ್ನನ್ನು ಯಾರೂ ಕರೆದುಕೊಂಡು ಹೋಗಲಿಲ್ಲ. ನೀನು ಕರೆದುಕೊಂಡು ಹೋಗು.

ಬೇಗಂಬಿ


ಬೈಲಹೊಂಗಲ
20-6-2024

ರೇಣು,

ನಿನ್ನ ಕಾಗದಾ ಮುಟ್ಟೇತಿ. ನಿಲೋಫರ್ ಮದವಿಗೆ ನೀ ಬರಲಿಲ್ಲಂತ ಒಂದೀಟ ಸಿಟ್ಟ ಇತ್ತು, ಈಗ ಇಲ್ಲ. ಸಿಟ್ಟ ಎಷ್ಟ ದಿನಾ ಇಟ್ಕೊಳ್ಳೂದವಾ ನಿನ್ನ ಮ್ಯಾಲೆ. ಢೋಲಕ್ ಹಂಗ ಐತಿ, ನೀ ಹಾಡಿದ್ರನ ನಾ ಬಾರಸಾಕಿ. ಮಗ್ಗ ಬಿಡಿಸ್ಕೊಂಡು ಎರಡ ದಿನದಾಗ ನಾ ಬರತೇನಿ. ನಾ ಬರೂತನಕ ದಮ್ಮು ಬಿಡಬ್ಯಾಡ.

ಇಲ್ಲೀತನಕ ಕೃಷ್ಣಿ ಓದಿದ್ದು. ಮುಂದಿಂದು ನಂದು.

ಬಂದೇನಿ ರೇಣು. ಗೆರಿ ಮ್ಯಾಲ ಕುಂತೇನಿ. ಕೈ ಹಿಡದು ನೋಡು, ಕಿರಿಬೆರಳು ಸೊಟ್ಟ ಐತಿ.

ಇನ್ನ ದಮ್ಮು ಬಿಡು.

ನಿನ್ನ ಬೇಗಂ